ಚೋಳಮಂಡಲದ ಚಿತ್ರವಸ್ತ್ರಗಳು

ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಭರತಖಂಡದಿಂದ ಯೂರೋಪಿಗೆ ಹೋದ ಚಿತ್ರಿತವಾದ ಹತ್ತಿಬಟ್ಟೆಗಳಲ್ಲಿ ‘ಪಾಲಂಪೋರ್’ ಎಂಬ ಹೊದಿಕೆಗಳು ಪ್ರಸಿದ್ಧವಾದುವು. ಮಂಚದ ಮುಸುಕೆಂದು ಅರ್ಥಕೊಡುವ ‘ಪಲಂಗ್‌ಪೋಷ್’ ಶಬ್ದದ ವಿಕಾರವೇ ಈ ಹೆಸರು. ಬಿಳಿಯ ನೆಲ, ಕಲ್ಲುಗುಡ್ಡದ ಮೇಲೆ ಬಳುಕಿ ನಿಂತ ಒಂದು ಮರ, ಒಂದೇ ಕೊಂಬೆಯಲ್ಲಿ ಹಲವು ಜಾತಿಯ ಹೂಗಳು—ಇದು ಅವುಗಳ ಸಾಮಾನ್ಯ ಸ್ವರೂಪ. ಇದನ್ನು ಕಂಡೊಡನೆ ಕಲ್ಪವೃಕ್ಷವನ್ನು ನೆನೆದು, ಅಚ್ಚ ಭಾರತೀಯ ಕಲ್ಪನೆಯೆಂದು ನಿರ್ಣಯಿಸುವುದು ಸುಲಭ. ಆದರೆ ದಾಖಲೆಗಳು ಹೇಳುವ ಸಂಗತಿ ಬೇರೆ.

1643ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ನಿನ ನಿರ್ದೇಶಕರು ಸೂರತ್ತಿನ ಕೋಠಿಗೆ ಕಾಗದ ಬರೆದು, ಕೆಂಪುನೆಲದ ಹೊದಿಕೆಗಳು ಕೊಳ್ಳುವವರಿಗೆ ಅಷ್ಟಾಗಿ ರುಚಿಸಲಿಲ್ಲವೆಂದೂ, ಬಿಳಿಯ ನೆಲದ ನಡುವೆ ಬಣ್ಣದ ಹೂಬಳ್ಳಿಗಳಿರಬೇಕೆಂದೂ ತಿಳಿಸಿದರು. ಬರುಬರುತ್ತ ಮಾದರಿಯ ಚಿತ್ರಗಳೂ ಅಲ್ಲಿಂದ ಬಂದುವು. ಪಾರಸಿಕ, ಚೀನೀ ಮತ್ತು ಐರೋಪ್ಯ ರೇಖೆಗಳು ಹೀಗೆ ಒಂದೇ ಮರದಲ್ಲಿ ಬೆರೆತುವು.

ಹಾಗಾದರೆ ಇದರಲ್ಲಿ ನಮ್ಮ ಕುಶಲರ ಭಾಗವೇನು? ಬಹುಮುಖ್ಯವಾಗಿ, ಒಗೆದರೂ ಹೋಗದ ಬಣ್ಣ. ಚೋಳಮಂಡಲ ತೀರದವರು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸುತ್ತಿದ್ದರು. ಹಾಲಿನ ಜಿಡ್ಡು ದ್ರವವು ಹರಡದಂತೆ ತಡೆಯುವುದು. ಬಳಿಕ ಕಬ್ಬಿಣದ ದ್ರಾವಣದಿಂದ ಕಪ್ಪು ರೇಖೆಗಳನ್ನೆಳೆದು, ಕೆಂಪಾಗಬೇಕಾದೆಡೆ ಪಟಿಕದ ನೀರನ್ನು ಬರೆದು, ಚಾಯಬೇರಿನ ಕಷಾಯದಲ್ಲಿ ಕಾಯಿಸುವರು. ಪಟಿಕವಿದ್ದಲ್ಲಿ ಮಾತ್ರವೇ ಕೆಂಪು ನಿಲ್ಲುವುದು. ನೀಲಿಯಾಗಬೇಕಾದ ಭಾಗವನ್ನುಳಿದು ಮಿಕ್ಕುದಕ್ಕೆಲ್ಲ ಮೇಣ ಬಳಿದು ನೀಲಿಯ ತೊಟ್ಟಿಯಲ್ಲಿ ಅದ್ದುವರು. ಕಡೆಗೆ ನೀಲಿಯ ಮೇಲೆ ಹಳದಿಯನ್ನು ಬರೆದರೆ ಎಲೆ ಹಸುರಾಗುವುದು.

ಈ ಕ್ರಮವನ್ನು ವಿವರವಾಗಿ ಬರೆದು 1742ರಲ್ಲಿ ಫ್ರಾನ್ಸಿಗೆ ಕಳುಹಿಸಿದವರು ಜೆಸ್ವಿಟ್ ಪಾದ್ರಿ ಕೂರ್ದೂ. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್‌ಗಳಿಗೂ ಇರುವ ಸಂಬಂಧವನ್ನು ವಿಲಿಯಂ ಜೋನ್ಸರ 1786ರ ಭಾಷಣಕ್ಕಿಂತ ಮೊದಲೇ, 1767ರಲ್ಲಿ, ಗುರುತಿಸಿದವರೆಂದು ಭಾಷಾಶಾಸ್ತ್ರಜ್ಞರು ಸ್ಮರಿಸುವುದೂ ಇವರನ್ನೇ. ಬಣ್ಣದ ಗುಟ್ಟನ್ನು ಅವರು ತಿಳಿದುದು ತಾವು ಮತಾಂತರಗೊಳಿಸಿದ ಬಣ್ಣಗಾರರನ್ನು ಕೇಳಿ.

ತಮ್ಮ ರುಚಿಗೆ ತಕ್ಕಂತೆ ಬರೆಸಿಕೊಂಡ ಈ ವಸ್ತ್ರಗಳನ್ನು ಯೂರೋಪಿನವರೇ, ತಮ್ಮ ನೇಕಾರರ ಹಿತಕ್ಕಾಗಿ, ನಿಷೇಧಿಸಬೇಕಾಯಿತು. ಫ್ರಾನ್ಸಿನಲ್ಲಿ 1686ರಿಂದ 1759ರವರೆಗೆ ಪ್ರತಿಬಂಧವಿದ್ದಿತು. ಇಂಗ್ಲೆಂಡಿನಲ್ಲಿ 1700 ಮತ್ತು 1720ರ ಶಾಸನಗಳಾದುವು. ನಿರ್ಬಂಧವು ಸಡಿಲಿದುದು 1774ರಲ್ಲಿ. ಅಷ್ಟರಲ್ಲಿ ಅಲ್ಲಿಯ ಅಚ್ಚುಗಾರರು ಈ ವಿದ್ಯೆಯನ್ನು ಬಹುಮಟ್ಟಿಗೆ ಕಲಿತಿದ್ದರು.

ಆದುದರಿಂದ, ಈ ವಸ್ತ್ರಗಳ ರೂಪವು ಪರಕೀಯವೆಂದು ಅವನ್ನು ತಳ್ಳುವುದೂ, ಸ್ವಕೀಯವೆಂದು ಹೊಗಳುವುದೂ ಸಮನಾಗಿ ಅವಸರದ ಮಾತು. ರೂಪವನ್ನು ಬೇಡಿದವರ ಕಾಗದ ಉಳಿದಿದೆ. ವಿಧಾನವನ್ನು ಬರೆದವರ ಹೆಸರೂ ಉಳಿದಿದೆ. ಆ ಪಾದ್ರಿಗೆ ಹೇಳಿಕೊಟ್ಟ ಬಣ್ಣಗಾರರ ಹೆಸರುಗಳನ್ನು ಮಾತ್ರ ಆ ಪತ್ರ ನಮಗೆ ಕೊಡುವುದಿಲ್ಲ. ಅವರ ಪಾಂಡಿತ್ಯಕ್ಕೆ ಆ ಬಟ್ಟೆಗಳೇ ಸಾಕ್ಷಿ.