ಗ್ಯಾಸ್ ಗೀಸರ್‌ಗೆ ಬೇಕಾದ ಇನ್ನೆರಡು ಕೊಳವೆ

ಬೆಂಗಳೂರಿನ ಬಾಣಸವಾಡಿಯ ಒಳರಸ್ತೆಗಳಲ್ಲಿ ಮೂವತ್ತು-ನಲವತ್ತರ ಸೈಟುಗಳ ಮೇಲೆ ಮೂರು ನಾಲ್ಕು ಮಹಡಿಯ ಬಾಡಿಗೆ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಪಕ್ಕದ ಕಮ್ಮನಹಳ್ಳಿ, ಸುಬ್ಬಯ್ಯನಪಾಳ್ಯದಲ್ಲೂ ಇದೇ ನೋಟ. ತಾರಸಿಯ ಸೋಲಾರ್ ನೀರು ಎಲ್ಲ ಮಹಡಿಗೂ ಇಳಿದು ಬರುವುದಿಲ್ಲ. ಕರೆಂಟ್ ಗೀಸರ್ ಹಾಕಿದರೆ ಬಿಲ್ಲಿನ ಚಿಂತೆ. ಹಾಗಾಗಿ ಬಾಡಿಗೆದಾರರ ಕಣ್ಣು ಗ್ಯಾಸ್ ಗೀಸರ್ ಮೇಲೆ ಬೀಳುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು, ಬೆಲೆಯೂ ಕೈಗೆಟುಕುವಂಥದ್ದು. ಗೋಡೆಗೆ ಎರಡು ಸ್ಕ್ರೂ, ನೀರಿಗೆ ಎರಡು ಪೈಪು, ಗ್ಯಾಸಿಗೆ ಒಂದು ಟ್ಯೂಬು, ಅಷ್ಟರಲ್ಲಿ ಕೂರಿಸುವವರ ಕೆಲಸ ಮುಗಿಯುತ್ತದೆ.

ಇನ್ನೆರಡು ಕೊಳವೆ ಬಾಕಿ ಉಳಿದಿರುತ್ತವೆ. ಹೊಗೆ ಆಚೆ ಹೋಗಲು ಒಂದು, ಗಾಳಿ ಒಳಬರಲು ಇನ್ನೊಂದು.

2023ರ ಜೂನ್‌ನಲ್ಲಿ ಚಿಕ್ಕಜಾಲ ಬಳಿಯ ತರಬನಹಳ್ಳಿಯಲ್ಲಿ ಯುವಜೋಡಿಯೊಂದು ಬಚ್ಚಲುಮನೆಯಲ್ಲೇ ಪ್ರಾಣ ಬಿಟ್ಟಿತು. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು ಹಾಗೆಯೇ ಹೋದರು. ಎರಡೂ ಕಡೆ ಬೆರಳು ತೋರಿದ್ದು ಗ್ಯಾಸ್ ಗೀಸರ್ ಕಡೆಗೆ. ಇಂಥ ಸುದ್ದಿಗಳ ತಲೆಬರಹದಲ್ಲಿ ‘ಗ್ಯಾಸ್ ಸೋರಿಕೆ’ ಎಂದೇ ಇರುತ್ತದೆ. ಓದಿದವರು ಮನೆಯ ರೆಗ್ಯುಲೇಟರ್ ಮೂಸಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಸೋರಿದ ಎಲ್‌ಪಿಜಿಗಾದರೆ ವಾಸನೆಯಿದೆ. ಎಚ್ಚರಿಸಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಬಚ್ಚಲಲ್ಲಿ ಸಾಮಾನ್ಯವಾಗಿ ಜೀವ ತೆಗೆಯುವುದು ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೋನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಸ್ವಲ್ಪ ಲೆಕ್ಕ ಹಾಕಿದರೆ ಅಪಾಯದ ಅಳತೆ ಸಿಗುತ್ತದೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಒಂದು ಕೆ.ಜಿ. ಆಸುಪಾಸು ಎಲ್‌ಪಿಜಿ ಬೇಕು. ಒಂದು ಕೆ.ಜಿ. ಎಲ್‌ಪಿಜಿ ಸರಿಯಾಗಿ ಉರಿಯಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿರುವುದು ಸುಮಾರು 8 ಘನ ಮೀಟರ್ ಗಾಳಿ. ಬಾಗಿಲು ಹಾಕಿ, ಚಳಿಯೆಂದು ವೆಂಟಿಲೇಟರ್ ಮುಚ್ಚಿ ಅರ್ಧ ಗಂಟೆ ಗೀಸರ್ ಉರಿಸಿದರೆ ಅದೊಂದೇ 6 ಘನ ಮೀಟರ್ ಗಾಳಿಯ ಆಮ್ಲಜನಕವನ್ನು ಕೇಳುತ್ತದೆ. ಅಷ್ಟು ಹೊತ್ತು ಕಾಯಬೇಕಾಗಿಯೂ ಇಲ್ಲ. ಗಾಳಿಯ ಆಮ್ಲಜನಕ ಶೇ 21ರಿಂದ ಕೆಲವೇ ಅಂಶ ಇಳಿದರೂ ನೀಲಿ ಜ್ವಾಲೆ ಹಳದಿಗೆ ತಿರುಗಿ ವಿಷಾನಿಲ ಏರತೊಡಗುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 1,600 ಪಾಲು ಕಾರ್ಬನ್ ಮೋನಾಕ್ಸೈಡ್ ಇದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು. ಒಂದೆರಡು ಗಂಟೆಯೊಳಗೆ ಸಾವು. 12,800 ಪಾಲು ಇದ್ದರೆ ಎರಡು ಮೂರು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ.

ಹಳೆಯ ಬಚ್ಚಲುಗಳಲ್ಲೂ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಆದರೆ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು, ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಹೊರಗೋಡೆಗಿರುತ್ತಿತ್ತು. ಸೌದೆ ಹೊಗೆ ಕಣ್ಣಿಗೆ ಚುಚ್ಚಿ ತಾನೇ ಜನರನ್ನು ಹೊರಗಟ್ಟುತ್ತಿತ್ತು.

ಅಂಗಡಿಯಲ್ಲಿ ಸಿಗುವ ಅಗ್ಗದ ಗೀಸರ್‌ಗಳಲ್ಲಿ ಹೆಚ್ಚಿನವಕ್ಕೆ ಹೊಗೆ ಕೊಳವೆಯೇ ಇರುವುದಿಲ್ಲ. ಉರಿದದ್ದೆಲ್ಲ ಡಬ್ಬಿಯ ತಲೆಯ ಸೀಳಿನಿಂದ ಅಲ್ಲೇ ಹೊರಬೀಳುತ್ತದೆ. ಇಂಥದ್ದನ್ನು ಬಚ್ಚಲೊಳಗೆ ಕೂರಿಸಲೇಬಾರದು. ಇದರಲ್ಲಿ ರಾಜಿಗೆ ಜಾಗವಿಲ್ಲ. ಎರಡನೆಯ ಬಗೆಗೆ ಹೊಗೆ ಕೊಳವೆ ಇರುತ್ತದೆ, ಉರಿಯಲು ಬೇಕಾದ ಗಾಳಿಯನ್ನು ಮಾತ್ರ ಕೋಣೆಯಿಂದಲೇ ಎಳೆದುಕೊಳ್ಳುತ್ತದೆ. ಕೊಳವೆ ಇದೆಯಲ್ಲ ಎಂದು ಜನ ಮೋಸಹೋಗುವುದು ಇಲ್ಲೇ. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಹೊಗೆಯೂ ಸರಿಯಾಗಿ ಹೊರಹೋಗದು. ಅದರ ಜೊತೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರಂತೂ ಕೋಣೆಯ ಒತ್ತಡ ಇಳಿದು, ಮೇಲೇರಬೇಕಾದ ಹೊಗೆ ಕೊಳವೆಯಿಂದ ವಾಪಸು ಒಳಗೆ ಬರಬಹುದು. ಅಡುಗೆಮನೆಯ ಚಿಮಣಿ ಫ್ಯಾನ್ ಕೂಡ ಇದೇ ಕಿತಾಪತಿ ಮಾಡಬಲ್ಲದು. ಮೂರನೆಯ ಬಗೆಯಲ್ಲಿ ಗಾಳಿ ಬರುವುದು ಹೊರಗಿನಿಂದಲೇ, ಹೊಗೆ ಹೋಗುವುದೂ ಹೊರಕ್ಕೇ. ಕೋಣೆಯ ಗಾಳಿಗೂ ಬೆಂಕಿಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಒಂದರೊಳಗೊಂದು ಕೂತ ಜೋಡಿ ಕೊಳವೆ: ಒಳಗಿನದರಲ್ಲಿ ಹೊಗೆ, ಸುತ್ತಲಿನದರಲ್ಲಿ ತಾಜಾ ಗಾಳಿ. ದುಬಾರಿ ನಿಜ, ಆದರೆ ಮುಚ್ಚಿದ ಜಾಗಕ್ಕೆ ಹೊಂದುವುದು ಅದೊಂದೇ.

ಕೊಳವೆ ಜೋಡಿಸುವಾಗ ನಮ್ಮ ಪ್ಲಂಬರ್‌ಗಳ ಕೈ ಮೊದಲು ಹೋಗುವುದು ಪಿವಿಸಿ ಕಡೆಗೆ. ಸಾಧಾರಣ ಗೀಸರ್‌ನ ಹೊಗೆ 150 ಡಿಗ್ರಿಗೂ ಮೇಲಿರಬಹುದು. ಪಿವಿಸಿ 80 ಡಿಗ್ರಿಯ ಹೊತ್ತಿಗೇ ಮೆತ್ತಗಾಗಿ ಬಾಗುತ್ತದೆ, ಜೋಡಣೆ ಬಿಡುತ್ತದೆ. ಅಲ್ಲಿಗೆ ಕಂಪನಿ ಹೇಳಿದ ಸ್ಟೀಲ್ ಅಥವಾ ಅಲ್ಯುಮಿನಿಯಂ ಕೊಳವೆಯೇ ಬೇಕು. ಹೊಗೆಯ ಶಾಖವನ್ನೂ ಹೀರಿಕೊಳ್ಳುವ ಕಂಡೆನ್ಸಿಂಗ್ ಯಂತ್ರಗಳಿಗೆ ಮಾತ್ರ ಪ್ಲಾಸ್ಟಿಕ್ ಕೊಳವೆಗೆ ಅನುಮತಿಯುಂಟು. ಅವುಗಳಲ್ಲಿ ಆಮ್ಲೀಯ ನೀರು ಹನಿಯುವುದರಿಂದ ಕೊಳವೆಯ ಇಳಿಜಾರು ಯಂತ್ರದ ಕಡೆಗೆ ಇರಬೇಕು. ಬೇರೆ ಹಲವು ಮಾದರಿಗಳಲ್ಲಿ ಮಳೆನೀರು ಒಳನುಗ್ಗದಂತೆ ಇಳಿಜಾರು ಹೊರಗಡೆಗೆ. ಯಾವುದಕ್ಕೆ ಯಾವುದು ಎಂಬುದು ಕೈಪಿಡಿಯಲ್ಲಿರುತ್ತದೆ, ಕೈಪಿಡಿ ಡಬ್ಬದ ಜೊತೆ ಅಟ್ಟ ಸೇರಿರುತ್ತದೆ. ಬೆಂಡ್‌ಗಳ ವಿಷಯವೂ ಅಷ್ಟೇ. ಕೈಪಿಡಿಗಳಲ್ಲಿ ಒಂದೊಂದು ಬೆಂಡನ್ನೂ ಹಲವು ಅಡಿ ನೇರ ಕೊಳವೆಗೆ ಸಮವೆಂದು ಎಣಿಸುತ್ತಾರೆ. ಕಿಟಕಿ ತಪ್ಪಿಸಲು, ತೊಲೆ ತಪ್ಪಿಸಲು ನಾಲ್ಕು ಬೆಂಡ್ ಹಾಕಿದರೆ ಗಿಡ್ಡ ಕೊಳವೆಯೂ ಯಂತ್ರದ ಪಾಲಿಗೆ ಮಿತಿ ಮೀರಿದ ಉದ್ದವಾಗುತ್ತದೆ.

ಬಾಣಸವಾಡಿಯಂಥ ಕಡೆ ಕಷ್ಟ ಶುರುವಾಗುವುದು ಕೊಳವೆಯ ತುದಿಯಲ್ಲಿ. ಗೋಡೆ ಕೊರೆದರೆ ಆಚೆಗಿರುವುದು ಬಯಲಲ್ಲ. ಎಲ್ಲ ಮಹಡಿಯ ಬಚ್ಚಲುಗಳೂ ಬಾಯ್ದೆರೆಯುವ ಡಕ್ಟ್, ಇಲ್ಲವೇ ಮೂರಡಿ ಸೆಟ್‌ಬ್ಯಾಕ್ ದಾಟಿದರೆ ಪಕ್ಕದ ಮನೆಯ ಕಿಟಕಿ. ಡಕ್ಟ್‌ಗೆ ಬಿಟ್ಟ ಹೊಗೆ ಬಿಸಿಯಿರುವುದರಿಂದ ಮೇಲೇರುತ್ತದೆ, ಮೇಲಿನ ಮಹಡಿಯವರ ವೆಂಟಿಲೇಟರ್‌ನಲ್ಲಿ ಒಳಹೋಗುತ್ತದೆ. ಕೆಳಗಿನವರು ಕ್ಷೇಮ, ಮೇಲಿನವರಿಗೆ ಕಾರಣವೇ ತಿಳಿಯದ ತಲೆನೋವು. ಫ್ಯಾನ್‌ನಿಂದ ಹೊಗೆ ತಳ್ಳುವ ಯಂತ್ರಗಳ ಕೊಳವೆ ತುದಿ ಕಿಟಕಿ, ಬಾಗಿಲುಗಳಿಂದ ಪಕ್ಕಕ್ಕೆ ಮತ್ತು ಕೆಳಕ್ಕೆ ಕನಿಷ್ಠ 4 ಅಡಿ ದೂರವಿರಲಿ ಎನ್ನುತ್ತವೆ ಅಮೆರಿಕದ ನಿಯಮಗಳು. ನಮ್ಮ ಗಲ್ಲಿಗಳಲ್ಲಿ ಆ ನಾಲ್ಕಡಿಯನ್ನು ಹುಡುಕುವುದೇ ಒಂದು ಸಾಹಸ. ಸಿಗದಿದ್ದರೆ ಆ ಮನೆಗೆ ಗ್ಯಾಸ್ ಗೀಸರ್ ಒಗ್ಗುವುದಿಲ್ಲ ಎಂದು ಒಪ್ಪಿಕೊಂಡು ಕರೆಂಟ್ ಗೀಸರ್ ಹಾಕಿಸುವುದೇ ಮೇಲು. ತೆರೆದ ಯುಟಿಲಿಟಿ ಇದ್ದರೆ ಗೀಸರ್ ಅಲ್ಲಿಟ್ಟು ಬಿಸಿನೀರಿನ ಪೈಪನ್ನಷ್ಟೇ ಬಚ್ಚಲಿಗೆ ಎಳೆಸಬಹುದು. ನಾಳೆ ಅದೇ ಯುಟಿಲಿಟಿಗೆ ಗಾಜಿನ ಕಿಟಕಿ ಕೂರಿಸಿದರೆ ಅದೂ ಮುಚ್ಚಿದ ಕೋಣೆಯೇ.

ಒಮ್ಮೆ ಸರಿಯಾಗಿ ಕೂರಿಸಿದರೆ ಮುಗಿಯಿತೆಂದೂ ಇಲ್ಲ. 2018ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಗಂಗ್‌ನುಂಗ್ ಊರಿನ ವಸತಿಗೃಹದಲ್ಲಿ ಹತ್ತು ಮಂದಿ ಪ್ರೌಢಶಾಲಾ ಹುಡುಗರು ತಂಗಿದ್ದರು; ಮೂವರು ಸತ್ತರು. ಬಾಯ್ಲರ್‌ನ ಹೊಗೆ ಕೊಳವೆ ಕಳಚಿಕೊಂಡಿತ್ತು. ಕೂರಿಸಿದವರು ಕೊಳವೆಯನ್ನು ಕತ್ತರಿಸಿ, ಶಾಖ ತಡೆಯುವ ಸಿಲಿಕೋನ್ ಹಚ್ಚದೆ ಸುಮ್ಮನೆ ಸಿಕ್ಕಿಸಿದ್ದರೆಂದು ತನಿಖೆಯಲ್ಲಿ ಗೊತ್ತಾಯಿತು. ಗಾಳಿ ಬರುವ ಕೊಳವೆಯೊಳಗೆ ಹುಳುಗಳ ಗೂಡು ಸಿಕ್ಕಿತು. ಗಾಳಿ ಕಟ್ಟಿ ಉರಿ ಕೆಟ್ಟಿತು, ಯಂತ್ರ ಅದುರಿತು, ಸಡಿಲ ಜೋಡಣೆ ಬಿಟ್ಟುಕೊಂಡಿತು. ಅದಾದ ಮೇಲೆ 2020ರಿಂದ ಅಲ್ಲಿ ಹೊಸ ಗ್ಯಾಸ್ ಬಾಯ್ಲರ್ ಜೊತೆ ಕಾರ್ಬನ್ ಮೋನಾಕ್ಸೈಡ್ ಅಲಾರಂ ಕಡ್ಡಾಯವಾಯಿತು. ಬೆಂಗಳೂರಿನ ಡಕ್ಟ್‌ಗಳಲ್ಲಿ ಪಾರಿವಾಳಗಳದೇ ರಾಜ್ಯ. ಜಾಲರಿಯಿಲ್ಲದ ಕೊಳವೆ ಅವುಗಳಿಗೆ, ಕಣಜಗಳಿಗೆ ಸಿದ್ಧ ಮನೆ. ವರ್ಷಕ್ಕೊಮ್ಮೆ ತುದಿಯನ್ನೂ ಜೋಡಣೆಗಳನ್ನೂ ನೋಡಿಸಬೇಕು. ಗಾಳಿ ಕೊಳವೆಯ ಬಾಯಿಯ ಬಳಿ ಆಸಿಡ್, ಬ್ಲೀಚಿಂಗ್ ಪುಡಿ ಇಡಬಾರದು. ಅವುಗಳ ಆವಿ ಒಳಹೋದರೆ ಯಂತ್ರದ ಲೋಹವನ್ನು ತಿನ್ನುತ್ತದೆ.

ಬಾಡಿಗೆ ಮನೆಗೆ ಹೋದಾಗ ಹಿಂದಿನವರು ಬಿಟ್ಟುಹೋದ ಗೀಸರ್ ಬಚ್ಚಲೊಳಗಿದ್ದರೆ ಮಾಲೀಕರಿಗೆ ಹೇಳಿ ಹೊರಗೆ ಹಾಕಿಸಬೇಕು. ಅಲ್ಲಿಯವರೆಗೆ ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕಿಳಿಯಬಹುದು. ಇದು ತಾತ್ಕಾಲಿಕ ಉಪಾಯವಷ್ಟೆ.

ಒಳಗಿದ್ದವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆದು ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು. ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಅಪಸ್ಮಾರವೂ ಇದೆ. ನಿಮ್ಹಾನ್ಸ್ ವೈದ್ಯರು ಅದನ್ನು ದಶಕಗಳಿಂದ ದಾಖಲಿಸಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಬಿದ್ದವರಿಗೆ ಫಿಟ್ಸ್ ಇರಬೇಕೆಂದು ಮನೆಯವರು ಊಹಿಸಿಬಿಡುವುದುಂಟು. ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಏಕೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಾರ್ಬನ್ ಮೋನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕವೆಂದೇ ಎಣಿಸಿ 98 ಎಂದು ತೋರಿಸಬಹುದು. ನಿಜ ತಿಳಿಯುವುದು ಕಾರ್ಬಾಕ್ಸಿಹಿಮೋಗ್ಲೋಬಿನ್ ಅಳೆಯುವ ರಕ್ತಪರೀಕ್ಷೆಯಿಂದ. ಅದರ ವರದಿ ಬರುವವರೆಗೂ ಕಾಯದೆ ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಡಲು ಶುರುಮಾಡುತ್ತಾರೆ.