ಮಾತ್ರೆ ನುಂಗೋಕೆ ಮೊದಲು ಸ್ಯಾಂಪಲ್ ಕೊಡಿ: ಕಲ್ಚರ್ ರಿಪೋರ್ಟ್‌ಗೆ ಮೂರು ದಿನ ಯಾಕೆ, ಅದರಲ್ಲಿರುವ ಎಸ್, ಆರ್ ಅಂದ್ರೆ ಏನು?

ಉರಿಮೂತ್ರ ಅಂತ ಆಸ್ಪತ್ರೆಗೆ ಹೋದವರಿಗೆ ಡಾಕ್ಟರು 'ಯೂರಿನ್ ಕಲ್ಚರ್ ಅಂಡ್ ಸೆನ್ಸಿಟಿವಿಟಿ' ಎಂದು ಚೀಟಿ ಬರೆದುಕೊಟ್ಟರೆ, ಲ್ಯಾಬ್ ಕೌಂಟರ್‌ನಲ್ಲಿ ಮೊದಲು ಬರುವ ಪ್ರಶ್ನೆ, "ಇವತ್ತೇ ರಿಪೋರ್ಟ್ ಸಿಗುತ್ತಾ?" ಸಿಗಲ್ಲ. ಶುಗರ್, ಹಿಮೋಗ್ಲೋಬಿನ್ ರಿಪೋರ್ಟ್ ಅದೇ ದಿನ ಕೈಗೆ ಬರುತ್ತೆ. ಕಲ್ಚರ್‌ಗೆ ಮಾತ್ರ ಎರಡು ಮೂರು ದಿನ. ಅಷ್ಟರೊಳಗೆ ಕೆಲವರು ಮೆಡಿಕಲ್ ಶಾಪ್‌ನಿಂದ ನಾಲ್ಕು ಮಾತ್ರೆ ತಂದು ನುಂಗಿ, ಉರಿ ಕಡಿಮೆಯಾಯ್ತು ಅಂತ ರಿಪೋರ್ಟ್ ತರೋಕೂ ಹೋಗಲ್ಲ.

ಆದರೆ ಯಾವ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತೆ, ಯಾವುದು ದುಡ್ಡು ದಂಡ ಅನ್ನೋದನ್ನು ನಿಮ್ಮದೇ ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾದ ಮೇಲೆ ಪ್ರಯೋಗಿಸಿ ಹೇಳುವುದು ಈ ಪರೀಕ್ಷೆಯೇ. ತಡವಾಗೋದು ಲ್ಯಾಬ್‌ನವರ ಸೋಮಾರಿತನದಿಂದಲ್ಲ. ಬ್ಯಾಕ್ಟೀರಿಯಾ ಬೆಳೆಯಬೇಕು, ಅದಕ್ಕೆ ಹೊತ್ತು ಬೇಕು.

ಮೊದಲ ರಾತ್ರಿ: ಬೆಳೆಸುವುದು

ಒಂದು ಮೈಕ್ರೋಲೀಟರ್, ಅಂದರೆ ಒಂದು ಎಂಎಲ್‌ನ ಸಾವಿರದಲ್ಲಿ ಒಂದು ಪಾಲು ಮೂತ್ರವನ್ನು ಅಳತೆಯ ತಂತಿ ಬಳೆಯಲ್ಲಿ ತೆಗೆದು, ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ತುಂಬಿದ ತಟ್ಟೆಯ ಮೇಲೆ ಸವರುತ್ತಾರೆ. ಅದನ್ನು ನಮ್ಮ ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ತಟ್ಟೆಯ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಗಳು ಎದ್ದಿರುತ್ತವೆ. 100 ಚುಕ್ಕೆ ಇದ್ದರೆ ಒಂದು ಎಂಎಲ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇದ್ದವು ಎಂದು ಲೆಕ್ಕ. ಸೋಂಕು ಇದೆ ಅನ್ನೋಕೆ ಸಾಮಾನ್ಯವಾಗಿ ನೋಡುವ ಗೆರೆಯೂ ಈ 1 ಲಕ್ಷವೇ. ರೋಗಲಕ್ಷಣ ಇದ್ದವರಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಡಾಕ್ಟರು ಗಣನೆಗೆ ತಗೊಳ್ಳಬಹುದು.

ಮೂತ್ರದ ಸೋಂಕಿನಲ್ಲಿ ಹೆಚ್ಚಾಗಿ ಸಿಗುವುದು ಇ. ಕೋಲಿ. ನಮ್ಮ ಕರುಳಿನಲ್ಲಿ ಸುಮ್ಮನೆ ಇರುವ ಜೀವಿ ಅದು, ಮೂತ್ರನಾಳಕ್ಕೆ ಹೋದಾಗ ತೊಂದರೆ ಕೊಡುತ್ತೆ. ಒಂದೇ ತಟ್ಟೆಯಲ್ಲಿ ಮೂರು ನಾಲ್ಕು ಜಾತಿ ಬೆಳೆದರೆ, ಸ್ಯಾಂಪಲ್ ಕೊಡುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದೇ ಹೆಚ್ಚಾಗಿ ಅರ್ಥ. ಇನ್ನೊಮ್ಮೆ ಸ್ಯಾಂಪಲ್ ಕೇಳುತ್ತಾರೆ.

ಎರಡನೇ ರಾತ್ರಿ: ಔಷಧದ ಬಿಲ್ಲೆ

ಈಗ ನಿಜವಾದ ಸೆನ್ಸಿಟಿವಿಟಿ ಪರೀಕ್ಷೆ. ಬೆಳೆದ ಚುಕ್ಕೆಯನ್ನು ಉಪ್ಪುನೀರಿನಲ್ಲಿ ಕದಡುತ್ತಾರೆ. ನೀರು ಎಷ್ಟು ಮಬ್ಬಾಗಬೇಕು ಅನ್ನೋದಕ್ಕೂ ಒಂದು ಮಾದರಿ ಟ್ಯೂಬ್ ಇರುತ್ತೆ, ಅದರ ಪಕ್ಕ ಹಿಡಿದು ನೋಡಬೇಕು. ಆ ಮಬ್ಬಿಗೆ ಸರಿಹೊಂದಿದರೆ ಒಂದು ಎಂಎಲ್‌ನಲ್ಲಿ ಸುಮಾರು 15 ಕೋಟಿ ಬ್ಯಾಕ್ಟೀರಿಯಾ. ಅದನ್ನು ಹತ್ತಿಕಡ್ಡಿಯಲ್ಲಿ ಅದ್ದಿ, ಹೊಸ ತಟ್ಟೆಯ ಮೇಲೆ ಮೂರು ದಿಕ್ಕಿನಲ್ಲಿ, ಅಂಗಳ ಸಾರಿಸಿದ ಹಾಗೆ, ಎಲ್ಲೂ ಸಂದು ಬಿಡದೆ ಬಳಿಯುತ್ತಾರೆ. ಮೇಲೆ 6 ಮಿಲಿಮೀಟರ್ ಅಗಲದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಆ್ಯಂಟಿಬಯಾಟಿಕ್.

ಬಿಲ್ಲೆಯಿಂದ ಔಷಧ ಜೆಲ್ಲಿಯೊಳಗೆ ಇಳಿದು ಸುತ್ತಲೂ ಹರಡುತ್ತದೆ. ಹತ್ತಿರದಲ್ಲಿ ಗಾಢ, ದೂರ ಹೋದಂತೆ ತೆಳು. 16ರಿಂದ 18 ಗಂಟೆ ಬಿಟ್ಟು ನೋಡಿದರೆ, ಔಷಧ ನಾಟಿದ ಕಡೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಇಲ್ಲದ ಖಾಲಿ ವೃತ್ತ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿರುತ್ತದೆ. ಆ ವೃತ್ತದ ಅಗಲವನ್ನು ಸ್ಕೇಲ್ ಹಿಡಿದು ಅಳೆಯುತ್ತಾರೆ.

ಮೊದಲೆಲ್ಲ ಬಿಲ್ಲೆ, ಜೆಲ್ಲಿ, ಅಳತೆ ಒಂದೊಂದು ಲ್ಯಾಬಿಗೆ ಒಂದೊಂದು ಥರ ಇತ್ತು. 1966ರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾವರ್, ಕರ್ಬಿ ಮತ್ತು ಸಂಗಡಿಗರು ಎಲ್ಲಕ್ಕೂ ಒಂದೇ ಕ್ರಮ ಬರೆದಿಟ್ಟರು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ ಮೆಷಿನ್ ಬಂದಿದೆ. ಆದರೂ ಬಿಲ್ಲೆ ಪರೀಕ್ಷೆ ಬದುಕಿರುವುದು ಅಗ್ಗ ಮತ್ತು ಸರಳ ಎಂಬ ಕಾರಣಕ್ಕೆ.

ಸರಳ ಅಂದಮಾತ್ರಕ್ಕೆ ಹೇಗೆಂದರೆ ಹಾಗೆ ಮಾಡುವಂತಿಲ್ಲ. ಜೆಲ್ಲಿ 4 ಮಿಲಿಮೀಟರ್ ದಪ್ಪ ಇರಬೇಕು. ತೆಳುವಾದರೆ ಔಷಧ ಅಗಲಕ್ಕೆ ಹೆಚ್ಚು ಹರಡಿ ವೃತ್ತ ದೊಡ್ಡದಾಗುತ್ತೆ, ನಾಟದ ಔಷಧವೂ ನಾಟುತ್ತೆ ಎಂದು ಕಾಣುತ್ತೆ. ಬ್ಯಾಕ್ಟೀರಿಯಾ ನೀರು ಜಾಸ್ತಿ ಮಬ್ಬಾದರೆ ಇದರ ಉಲ್ಟಾ. ಅದಕ್ಕೇ ವೃತ್ತದ ಅಳತೆ ಮೊದಲೇ ಗೊತ್ತಿರುವ ಒಂದು ಇ. ಕೋಲಿ ತಳಿಯನ್ನು ಲ್ಯಾಬ್‌ನವರು ಇಟ್ಟುಕೊಂಡು, ಆಗಾಗ ಅದರ ಮೇಲೂ ಪರೀಕ್ಷೆ ಮಾಡಿ ನೋಡಬೇಕು. ಅಂಗಡಿ ತಕ್ಕಡಿ ಸರಿ ಇದೆಯಾ ಅಂತ ಸೀಲು ಬಿದ್ದ ಕೆಜಿ ಬಟ್ಟು ಇಟ್ಟು ನೋಡ್ತಾರಲ್ಲ, ಹಾಗೆ.

ದೊಡ್ಡ ವೃತ್ತ ಅಂದ್ರೆ ದೊಡ್ಡ ಔಷಧವಲ್ಲ

ರಿಪೋರ್ಟ್‌ನಲ್ಲಿ ಔಷಧದ ಹೆಸರಿನ ಮುಂದೆ 'ಎಸ್' ಇದ್ದರೆ ಸಾಮಾನ್ಯ ಡೋಸ್‌ಗೆ ಬ್ಯಾಕ್ಟೀರಿಯಾ ಬಗ್ಗುತ್ತೆ. 'ಆರ್' ಅಂದರೆ ಬಗ್ಗಲ್ಲ. 'ಐ' ನಡುವಿನದು, ಕೆಲವು ಔಷಧ ಹೆಚ್ಚಿನ ಡೋಸ್‌ನಲ್ಲಿ ಕೆಲಸ ಮಾಡಬಹುದು.

ಮಿಲಿಮೀಟರ್ ಅಂಕಿ ಬರೆದಿದ್ದರೆ ಅಲ್ಲೇ ಎಡವುವುದು. ಇ. ಕೋಲಿಗೆ ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಯ ವೃತ್ತ 20 ಮಿಲಿಮೀಟರ್ ಬಂದರೆ ಅದು 'ಆರ್'. ನೈಟ್ರೊಫ್ಯೂರಾಂಟೊಯಿನ್ ವೃತ್ತ 18 ಬಂದರೆ ಅದು 'ಎಸ್'! ಚಿಕ್ಕ ವೃತ್ತದ್ದೇ ಗೆದ್ದಿತು. ಯಾಕೆಂದರೆ ಮೊದಲನೆಯ ಬಿಲ್ಲೆಯಲ್ಲಿ 5 ಮೈಕ್ರೋಗ್ರಾಂ ಔಷಧ, ಎರಡನೆಯದರಲ್ಲಿ 300. ಎರಡೂ ಜೆಲ್ಲಿಯಲ್ಲಿ ಹರಡುವ ರೀತಿ ಬೇರೆ, ದೇಹದಲ್ಲಿ ಸೇರುವ ಜಾಗವೂ ಬೇರೆ. ನೈಟ್ರೊಫ್ಯೂರಾಂಟೊಯಿನ್ ಮೂತ್ರದಲ್ಲಿ ಶೇಖರವಾಗುತ್ತೆ, ರಕ್ತದಲ್ಲಿ ಸಾಕಷ್ಟು ನಿಲ್ಲಲ್ಲ. ಮೂತ್ರಕೋಶದ ಸೋಂಕಿಗೆ ಸರಿ, ಸೋಂಕು ಕಿಡ್ನಿಗೆ ಏರಿದ್ದರೆ ರಿಪೋರ್ಟ್‌ನಲ್ಲಿ 'ಎಸ್' ಇದ್ದರೂ ಅದು ಸಾಲದು. ಐದಾರು 'ಎಸ್' ಇರುವಾಗ ಡಾಕ್ಟರು ಮೊದಲನೆಯದನ್ನು ಬಿಟ್ಟು ನಾಲ್ಕನೆಯದನ್ನು ಬರೆಯೋದು ಇಂಥ ಕಾರಣಕ್ಕೆ. ಗರ್ಭಿಣಿಯಾ, ಕಿಡ್ನಿ ಹೇಗಿದೆ, ವಯಸ್ಸೆಷ್ಟು ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಗೆರೆಗಳೂ ಬದಲಾಗುತ್ತವೆ. ಭಾರತದ ಹಲವು ಲ್ಯಾಬ್‌ಗಳು ಅನುಸರಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಪಟ್ಟಿಯಲ್ಲಿ, ಇ. ಕೋಲಿಗೆ ಸಿಪ್ರೊಫ್ಲಾಕ್ಸಸಿನ್ 21 ಮಿಲಿಮೀಟರ್ ಬಂದರೆ ಹಿಂದೆ 'ಎಸ್' ಆಗಿತ್ತು. 2019ರಲ್ಲಿ ಗೆರೆ 26ಕ್ಕೆ ಏರಿತು, ಅದೇ 21 ಈಗ 'ಆರ್'. ಹಳೇ ರಿಪೋರ್ಟ್ ಬೀರುವಿನಿಂದ ತೆಗೆದು "ಆಗ ಇದೇ ಮಾತ್ರೆ ನಾಟಿತ್ತು" ಅನ್ನೋದು ಅಷ್ಟಾಗಿ ಉಪಯೋಗಕ್ಕೆ ಬರಲ್ಲ.

ಮೊಸರಾಗದ ಹಾಲು

ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಡಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದೆ ಉಳಿಯಬಹುದು. ಇದು ಹಸು ಸಾಕಿದವರಿಗೆ ಹೊಸದಲ್ಲ. ಹಾಲಿನಲ್ಲಿ ಉಳಿದ ಔಷಧ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಬೆಳೆಯೋಕೆ ಬಿಡಲ್ಲ. ಮಾತ್ರೆ ನುಂಗಿ ಕೊಟ್ಟ ಮೂತ್ರದ ಕಥೆಯೂ ಅದೇ. ಮೂತ್ರದಲ್ಲಿರುವ ಔಷಧ ತಟ್ಟೆಯ ಮೇಲೂ ತಡೆಯುತ್ತೆ, ರಿಪೋರ್ಟ್ 'ನೋ ಗ್ರೋತ್' ಅಂತ ಬರುತ್ತೆ. ಒಳಗೆ ಸೋಂಕು ಇದ್ದೇ ಇರಬಹುದು. ವಾರ ಬಿಟ್ಟು ಚಳಿ ಜ್ವರ ಬಂದಾಗ ಯಾವ ಔಷಧ ಅನ್ನೋದಕ್ಕೆ ಯಾರ ಹತ್ತಿರವೂ ಸುಳಿವು ಇರಲ್ಲ.

ಹಾಗಂತ ಮೂರು ದಿನ ನರಳುತ್ತಾ ಕೂರಬೇಕಿಲ್ಲ. ಸ್ಯಾಂಪಲ್ ಕೊಟ್ಟ ಕೂಡಲೇ ಡಾಕ್ಟರು ಅಂದಾಜಿನ ಮೇಲೆ ಒಂದು ಔಷಧ ಶುರು ಮಾಡಬಹುದು, ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ. ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ, ಅಷ್ಟೇ. ಆಗಲೇ ನುಂಗಿದ್ದರೆ ಯಾವುದು, ಯಾವಾಗ ಅಂತ ಲ್ಯಾಬ್‌ನಲ್ಲಿ ಹೇಳಿಬಿಡಿ. ಚಳಿ ನಡುಕ, ಜೋರು ಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಇದ್ದರೆ ರಿಪೋರ್ಟ್ ದಾರಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹಳ್ಳಿಯಿಂದ ಬಸ್ಸಿನಲ್ಲಿ ಸ್ಯಾಂಪಲ್ ತರುವವರು ಗಮನಿಸಬೇಕಾದ್ದು ಹೊತ್ತು. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತೆ. ಎರಡು ಗಂಟೆಯಲ್ಲಿ ಒಂದು 64 ಆಗಬಹುದು. ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಿ ಬೇಡ. ಎಲ್ಲಕ್ಕಿಂತ ಸುಲಭ, ಲ್ಯಾಬ್‌ಗೇ ಹೋಗಿ ಅಲ್ಲೇ ಕೊಡೋದು. ತೊಳೆದ ಜ್ಯೂಸ್ ಬಾಟಲಿ ಬೇಡ, ಲ್ಯಾಬ್‌ನವರು ಕೊಡುವ ಡಬ್ಬಿಯೇ ಆಗಬೇಕು. ನೀರಿನಲ್ಲಿ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿಯಬೇಕು.

ಮೆಡಿಕಲ್ ಶಾಪ್‌ನವರಿಗೂ ಇಲ್ಲಿ ಪಾತ್ರ ಇದೆ. ಸ್ಟ್ರಿಪ್ ಮೇಲಿನ ಕೆಂಪು ಗೆರೆ, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂಬುದರ ಗುರುತು. ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್‌ನಂಥವು 2014ರ ಮಾರ್ಚ್ 1ರಿಂದ 'ಶೆಡ್ಯೂಲ್ ಎಚ್1' ಅಡಿ ಬಂದಿವೆ. ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿದ್ದು ಎಲ್ಲವನ್ನೂ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. "ಎರಡೇ ಎರಡು ಮಾತ್ರೆ ಕೊಡಿ" ಎಂದು ಪರಿಚಯದವರೇ ಬಂದು ನಿಂತಾಗ ಇಲ್ಲ ಅನ್ನೋದು ಕಷ್ಟ, ನಿಜ. ಆದರೆ ಆ ಎರಡು ಮಾತ್ರೆ ಸೋಂಕನ್ನು ಮುಗಿಸದೆ, ಮುಂದಿನ ಕಲ್ಚರ್ ರಿಪೋರ್ಟ್ ಅನ್ನು ಮಾತ್ರ ಹಾಳು ಮಾಡಬಹುದು.

ದನಗಳಿಗೂ ಇದೇ ಬಿಲ್ಲೆ ಪರೀಕ್ಷೆ ಇದೆ. ಕೆಚ್ಚಲು ಬಾವು ಮತ್ತೆ ಮತ್ತೆ ಬರುತ್ತಿದ್ದರೆ ಇನ್ನೊಂದು ಇಂಜೆಕ್ಷನ್‌ಗೆ ಮೊದಲು ಪಶುವೈದ್ಯರನ್ನು ಹಾಲಿನ ಪರೀಕ್ಷೆ ಬಗ್ಗೆ ಕೇಳಬಹುದು. ಮೊಲೆತೊಟ್ಟನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಕೆಲವು ಧಾರೆ ನೆಲಕ್ಕೆ ಬಿಟ್ಟು, ಆಮೇಲಿನದನ್ನು ಅವರು ಕೊಡುವ ಟ್ಯೂಬ್‌ಗೆ ಹಿಡಿದು ತಣ್ಣಗೆ ಒಯ್ಯಬೇಕು.