ನಾಲ್ಕಿಳಿಜಾರಿನ ಮಾಡಿನ ಮೂಲೆ ಪಕ್ಕಾಸು: ಅಳತೆಯೂ ಇತಿಹಾಸವೂ

ಕರಾವಳಿಯ ಹಳೆಯ ಮನೆಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕಂಬದ ಕೆತ್ತನೆಯನ್ನೂ ಬಾಗಿಲವಾಡದ ಅಲಂಕಾರವನ್ನೂ ವರ್ಣಿಸಿ, ಮಾಡಿನ ಮರಗೆಲಸವನ್ನು ಒಂದೇ ವಾಕ್ಯದಲ್ಲಿ ಮುಗಿಸುವರು. ಆದರೆ ನಾಲ್ಕು ಕಡೆಗೂ ಇಳಿಜಾರುಳ್ಳ ಮಾಡು ಬಡಗಿಯ ಗಣಿತಜ್ಞಾನಕ್ಕೆ ಪ್ರತ್ಯಕ್ಷ ಸಾಕ್ಷಿಯಾಗಿದೆ. ಅದನ್ನು ಓದುವ ಕ್ರಮವನ್ನು ಸಂಗ್ರಹವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ಮಾಡಿನಲ್ಲಿ ಪಕ್ಕಾಸುಗಳು ಮೂರು ಬಗೆ. ಗೋಡೆಯ ಮೇಲಣ ತೊಲೆಯಿಂದ ನೆತ್ತಿಯ ತೊಲೆಗೆ ನೇರವಾಗಿ ಏರುವವು ಸಾಮಾನ್ಯ ಪಕ್ಕಾಸುಗಳು. ಎರಡು ಗೋಡೆಗಳು ಕೂಡುವ ಮೂಲೆಯಿಂದ ನೆತ್ತಿಯ ತುದಿಗೆ ಓರೆಯಾಗಿ ಏರುವುದು ಮೂಲೆ ಪಕ್ಕಾಸು. ನೆತ್ತಿಯನ್ನು ಮುಟ್ಟದೆ ಮೂಲೆ ಪಕ್ಕಾಸಿಗೇ ಬಂದು ತಾಗುವವು ಗಿಡ್ಡ ಪಕ್ಕಾಸುಗಳು.

ಮನೆಯ ಅಗಲ ೨೪ ಅಡಿ, ನೆತ್ತಿಯ ಎತ್ತರ ೯ ಅಡಿ, ನಾಲ್ಕು ಇಳಿಜಾರುಗಳೂ ಸಮಾನ ಎಂದಿಟ್ಟುಕೊಳ್ಳೋಣ. ಅರ್ಧ ಅಗಲ ೧೨ ಅಡಿ. ೧೨ರ ವರ್ಗ ೧೪೪, ೯ರ ವರ್ಗ ೮೧, ಮೊತ್ತ ೨೨೫. ಅದರ ಮೂಲವಾದ ೧೫ ಅಡಿಯೇ ಸಾಮಾನ್ಯ ಪಕ್ಕಾಸಿನ ಉದ್ದ. ಮೂಲೆ ಪಕ್ಕಾಸಾದರೋ ನೆಲದ ನಕ್ಷೆಯಲ್ಲಿ ೧೨ ಅಡಿಯ ಚೌಕದ ಕರ್ಣದ ಮೇಲೆ ಸಾಗುವುದು. ಆದುದರಿಂದ ಇಲ್ಲಿ ಕರ್ಣದ ನಿಯಮವನ್ನು ಎರಡು ಸಲ ಬಳಸಬೇಕು: ೧೪೪, ೧೪೪, ೮೧ ಸೇರಿ ೩೬೯, ಅದರ ಮೂಲ ಸುಮಾರು ೧೯ ಅಡಿ ೨½ ಅಂಗುಲ. ನೆತ್ತಿಯ ತೊಲೆಯ ದಪ್ಪಕ್ಕೆ ತಕ್ಕಷ್ಟನ್ನು ಈ ಉದ್ದಗಳಿಂದ ಕಳೆಯಬೇಕು. ಸೂರಿನ ಚಾಚನ್ನು ಬೇರೆಯಾಗಿ ಕೂಡಿಸಬೇಕು.

ಕೊಯ್ಯುವಾಗ ಬಡಗಿಗೆ ವರ್ಗಮೂಲ ಬೇಕಿಲ್ಲ. ಸಾಮಾನ್ಯ ಪಕ್ಕಾಸಿನ ಮೇಲೆ ಮೂಲೆಮಟ್ಟದ ಒಂದು ತೋಳಿನ ೧೨ ಅಂಗುಲವನ್ನೂ ಇನ್ನೊಂದರ ೯ ಅಂಗುಲವನ್ನೂ ಮರದ ಅಂಚಿಗೆ ಹೊಂದಿಸಿ ಗೆರೆ ಎಳೆಯಬಹುದು. ೯ರ ತೋಳು ನೆತ್ತಿಯಲ್ಲಿಯ ಲಂಬ ಕೊಯ್ತವನ್ನು, ೧೨ರ ತೋಳು ಗೋಡೆಯ ತೊಲೆಯ ಮೇಲೆ ಕೂರುವ ಸಮತಲ ಕೊಯ್ತವನ್ನು ಕೊಡುವುದು. ಮೂಲೆ ಪಕ್ಕಾಸಿಗೆ ೧೨ರ ಬದಲು ೧೭ನ್ನು ಹಿಡಿದರೆ ಸಾಕು. ಗಿಡ್ಡ ಪಕ್ಕಾಸುಗಳನ್ನು ಎರಡೆರಡು ಅಡಿಗೆ ಒಂದರಂತೆ ಇಟ್ಟರೆ ಅವು ಮೂಲೆಯತ್ತ ಒಂದಕ್ಕಿಂತ ಒಂದು ೨½ ಅಡಿ ಗಿಡ್ಡವಾಗುತ್ತ ಬರುವುವು: ೧೨½, ೧೦, ೭½, ೫, ೨½. ಅವುಗಳ ಮೇಲ್ತುದಿಗೆ ಲಂಬ ಕೊಯ್ತದೊಡನೆ ಪಕ್ಕದ ಓರೆ ಕೊಯ್ತವೂ ಅಗತ್ಯ.

ಈ ೧೭ ಎಲ್ಲಿಂದ ಬಂತು? ಕ್ರಿಸ್ತಪೂರ್ವದ ಬೌಧಾಯನ ಶುಲ್ಬಸೂತ್ರವು ಚೌಕದ ಕರ್ಣವನ್ನು ಪಡೆಯಲು, ಭುಜಕ್ಕೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದನ್ನೂ ಕೂಡಿಸಿ, ಕೊನೆಯದರ ೩೪ನೆಯ ಒಂದು ಭಾಗವನ್ನು ಕಳೆಯಬೇಕೆಂದು ವಿಧಿಸುತ್ತದೆ. ೧೨ಕ್ಕೆ ೪ನ್ನೂ ೧ನ್ನೂ ಕೂಡಿಸಿದರೆ ೧೭. ಕೊನೆಯ ಸೂಕ್ಷ್ಮ ಕಳೆತವನ್ನು ಬಿಟ್ಟುದರಿಂದ ನಮ್ಮ ಮೂಲೆ ಪಕ್ಕಾಸಿನಲ್ಲಿ ಆಗುವ ವ್ಯತ್ಯಾಸ ಅಂಗುಲದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಇಷ್ಟರಿಂದಲೇ ಬಡಗಿಯು ಶುಲ್ಬಸೂತ್ರದ ವಾರಸುದಾರನೆಂದು ಸಾರುವುದು ಇತಿಹಾಸವಾಗಲಾರದು. ೧೨ಕ್ಕೆ ೧೭ ಎಂಬ ಲೆಕ್ಕ ಪಾಶ್ಚಾತ್ಯ ಬಡಗಿಗಳಲ್ಲಿಯೂ ಬಳಕೆಯಲ್ಲಿದೆ. ಕರ್ಣವನ್ನು ಎಚ್ಚರದಿಂದ ಅಳೆದ ಯಾರಿಗೂ ಅದು ದೊರೆಯಬಲ್ಲುದು. ಸಾಮ್ಯ ಬೇರೆ, ಪರಂಪರೆ ಬೇರೆ.

ಪರಂಪರೆಯನ್ನು ಸ್ಥಾಪಿಸಲು ಮರದ ಸಾಕ್ಷ್ಯ ಬೇಕು. ಹುಲ್ಲುಮಾಡು ಮರಗೆಲಸದ ಸಣ್ಣ ತಪ್ಪುಗಳನ್ನು ಮರೆಮಾಚುತ್ತಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಅಲ್ಲಿಂದ ಬಂದ ಏಕಪ್ರಕಾರದ ಹೆಂಚು ತಪ್ಪನ್ನು ಅಷ್ಟು ಸುಲಭವಾಗಿ ಸಹಿಸುವುದಲ್ಲ. ಮೂಲೆ ಪಕ್ಕಾಸು ತುಸು ಎದ್ದರೂ ಹೆಂಚಿನ ಸಾಲು ಬಾಯಿ ಬಿಡುವುದು, ಮಳೆನೀರು ಒಳಗಿಳಿಯುವುದು. ಈ ಬದಲಾವಣೆ ಬಡಗಿಯ ಅಳತೆಯನ್ನು ತಿದ್ದಿತೇ, ಅಥವಾ ಆ ನಿಖರತೆ ಮೊದಲೇ ಇದ್ದಿತೇ? ಹಳೆಯ ಮಾಡುಗಳ ಪಕ್ಕಾಸುಗಳನ್ನು ಅಳೆದು ಹೋಲಿಸಿದರೆ ಮಾತ್ರ ಉತ್ತರ ದೊರೆಯುವುದು. ಕೆಡವಿದ ಮನೆಯ ಕೆತ್ತಿದ ಕಂಬಕ್ಕೆ ಕೊಳ್ಳುವವರುಂಟು, ಪಕ್ಕಾಸು ಸೌದೆಯಾಗುತ್ತದೆ. ಒಲೆ ಸೇರುವ ಮುನ್ನ ಅದರ ಉದ್ದ, ಕೊಯ್ತದ ಓರೆ, ಗುರುತಿನ ಗೆರೆ ಇವನ್ನು ಬರೆದಿಡುವುದು ಒಬ್ಬ ವಿದ್ಯಾರ್ಥಿಗೆ ಅರ್ಧ ದಿನದ ಕೆಲಸ.